ಯುದ್ಧನೌಕೆಯ ಸುರಕ್ಷತೆ: ಸ್ವಂತ ಮಾನದಂಡವೋ, ವರ್ಗೀಕರಣ ಸಂಸ್ಥೆಯ ನಿಯಮವೋ?

ಸಮುದ್ರದಲ್ಲಿ ಜೀವಸುರಕ್ಷತೆಗಾಗಿ ಇರುವ ಅಂತರರಾಷ್ಟ್ರೀಯ ಒಪ್ಪಂದವಾದ 1974ರ ಸೋಲಾಸ್ ಯುದ್ಧನೌಕೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಅವುಗಳ ಸುರಕ್ಷತೆಗೆ ಯಾವ ಮಾನದಂಡ ಬೇಕೆಂಬುದನ್ನು ಆಯಾ ದೇಶವೇ ನಿರ್ಧರಿಸಬೇಕಾಗುತ್ತದೆ. ಸ್ವಂತ ಮಾನದಂಡವಿದ್ದರೆ ಸ್ಫೋಟದ ಆಘಾತ, ಹಾನಿ ನಿಯಂತ್ರಣ, ಮದ್ದುಗುಂಡಿನ ಕೋಣೆಗಳಂಥ ಸೈನಿಕ ಅಗತ್ಯಗಳನ್ನು ನೇರವಾಗಿ ಬರೆದುಕೊಳ್ಳಬಹುದು. ಆದರೆ ಅದನ್ನು ಕಾಲಕಾಲಕ್ಕೆ ಪರಿಷ್ಕರಿಸಲು ಪರಿಣತರ ಕಾಯಂ ತಂಡ ಬೇಕು, ಆ ತಂಡ ಕರಗಿದರೆ ನಿಯಮವೂ ಹಳತಾಗುತ್ತದೆ. ವರ್ಗೀಕರಣ ಸಂಸ್ಥೆಯ, ಅಂದರೆ ಹಡಗು ನಿರ್ಮಾಣಕ್ಕೆ ತಾಂತ್ರಿಕ ನಿಯಮ ರೂಪಿಸಿ ಹಡಗುಗಳನ್ನು ತಪಾಸಿಸುವ ಸಂಸ್ಥೆಯ, ನೌಕಾ ನಿಯಮಗಳನ್ನು ಆರಿಸಿಕೊಂಡರೆ ಈ ಹೊರೆ ಇಳಿಯುತ್ತದೆ, ಜೊತೆಗೆ ವಾರ್ಷಿಕ ತಪಾಸಣೆಯೂ ಐದು ವರ್ಷಗಳ ನವೀಕರಣ ಚಕ್ರವೂ ಸಿಗುತ್ತವೆ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಬೆಲೆಯಿರುವುದು ಈ ಹೊರಗಿನ ಕಣ್ಣಿಗೆ. ಹೊಸ ರೇಡಾರಿಗಾಗಿ ಜಲನಿರೋಧಕ ಗೋಡೆಯಲ್ಲಿ ರಂಧ್ರ ಕೊರೆದು ಕೇಬಲ್ ಎಳೆದವರು ಅದರ ಸುತ್ತ ಸರಿಯಾಗಿ ಸೀಲ್ ಮಾಡದಿದ್ದರೆ, ನೀರು ನುಗ್ಗಿದ ದಿನ ಒಂದು ವಿಭಾಗದ ಬದಲು ಎರಡು ತುಂಬುತ್ತವೆ. ಹಡಗನ್ನು ಬೇಗ ಸಮುದ್ರಕ್ಕಿಳಿಸಬೇಕೆಂಬ ಒತ್ತಡವಿಲ್ಲದ ಪರಿಶೀಲಕ ಅದನ್ನು ಹಿಡಿಯುವ ಸಾಧ್ಯತೆ ಹೆಚ್ಚು.

ನ್ಯಾಟೊ ಪ್ರಕಟಿಸಿರುವ ನೌಕಾ ಹಡಗು ಸಂಹಿತೆ, ಅಂದರೆ ಎಎನ್‌ಇಪಿ-77, ಗುರಿಗಳನ್ನು ನಿಗದಿಪಡಿಸಿ ಅವನ್ನು ತಲುಪಿದ್ದಕ್ಕೆ ಪುರಾವೆ ಕೇಳುತ್ತದೆ. ಶತ್ರುದಾಳಿಯ ಪರಿಣಾಮಗಳನ್ನು ಎದುರಿಸುವ ಕ್ರಮಗಳು ಅದರಲ್ಲಿಲ್ಲ. ಆದ್ದರಿಂದ ಚಿಕ್ಕ ಪಡೆಗೆ ನಾನು ಸೂಚಿಸುವುದು ಇಷ್ಟು: ಒಡಲು, ಯಂತ್ರ, ಅಗ್ನಿರಕ್ಷಣೆಗೆ ವರ್ಗೀಕರಣ ನಿಯಮ, ಯುದ್ಧಹಾನಿಗೆ ಸ್ವಂತ ನಿಯಮ, ಮತ್ತು ಪ್ರತಿ ವಿನಾಯಿತಿಗೂ ಸಹಿ ಹಾಕಲು, ಹಡಗು ನಡೆಸುವ ವಿಭಾಗಕ್ಕೆ ಅಧೀನವಲ್ಲದ ಪ್ರಾಧಿಕಾರ.