ಶಾಲಾ ಮಕ್ಕಳ ಕಾಡುಸಸ್ಯ ಶಿಬಿರ: ಪೋಷಕರೊಬ್ಬರ ವಿಮರ್ಶೆ

ಶಿರಸಿ ಸಮೀಪದ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ನಡೆದ ಒಂದು ದಿನದ ಸಸ್ಯಪರಿಚಯ ಶಿಬಿರಕ್ಕೆ ಮಗಳೊಂದಿಗೆ ಹೋಗಿದ್ದೆ. ಗಿಡಗಳ ಹೆಸರು ಬರೆಸಿ ಕಳುಹಿಸುವ ಪದ್ಧತಿ ಇಲ್ಲಿಲ್ಲ. ಗದ್ದೆಯಂಚಿನ ಒಂದೆಲಗವನ್ನು ಮಕ್ಕಳೇ ಕಿತ್ತು ತೊಳೆದು, ತೆಂಗಿನತುರಿ, ಜೀರಿಗೆ, ಕಾಳುಮೆಣಸಿನೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿ ಮಾಡಿದ ತಂಬುಳಿಯೇ ಮಧ್ಯಾಹ್ನದ ಊಟಕ್ಕೆ ಬಂದಿತು. ಮನೆಯಲ್ಲಿ ಸೊಪ್ಪು ಕಂಡರೆ ಮುಖ ತಿರುಗಿಸುವ ಮಗಳು ಎರಡು ಬಾರಿ ಬಡಿಸಿಕೊಂಡಳು. ಅಂಟುವಾಳದ ಸಿಪ್ಪೆಯನ್ನು ನೀರಿನಲ್ಲಿ ಕಿವುಚಿ ನೊರೆ ಬರಿಸಿ, ಕೆಸರಾದ ಕೈಗಳನ್ನು ಅದರಿಂದಲೇ ತೊಳೆಸಿದರು.

ಕೆಸುವಿನ ಎಲೆ ಗಂಟಲು ತುರಿಸಲು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಕಾರಣವೆಂದೂ, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ರೂಢಿ ಅದಕ್ಕಾಗಿಯೇ ಇದೆಯೆಂದೂ ಊರಿನ ಹಿರಿಯ ಮಹಿಳೆಯೊಬ್ಬರು ವಿವರಿಸಿದ್ದು ದಿನದ ಅತ್ಯುತ್ತಮ ಪಾಠವಾಗಿತ್ತು. ಗುರುತು ಸಿಗದ ಗಿಡವನ್ನು ಬಾಯಿಗಿಡಬಾರದೆಂಬ ಎಚ್ಚರಿಕೆಯನ್ನೂ ಅವರು ಪದೇ ಪದೇ ನೀಡಿದರು.

ಆದರೆ ಹಂಚಿದ ಕೈಪಿಡಿ ನಿರಾಶೆ ಮೂಡಿಸಿತು. ಒಂದೆಲಗ, ನೀರುಬ್ರಾಹ್ಮಿ ಎರಡನ್ನೂ ‘ಬ್ರಾಹ್ಮಿ’ ಎಂದು ಕರೆಯುವ ವಾಡಿಕೆಯಿದ್ದರೂ ಅವು ಬೇರೆ ಬೇರೆ ಸಸ್ಯಗಳು. ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಚಿತ್ರವಿದೆ. 40 ಮಕ್ಕಳಿಗೆ ಒಬ್ಬರೇ ಮಾರ್ಗದರ್ಶಕರಿದ್ದುದರಿಂದ ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸಲೇ ಇಲ್ಲ.