ಕಂಕುಳಿಗೆ ಕೈಯೋ, ಬೆಲ್ಟೋ, ಲಿಫ್ಟೋ?

ಬನಶಂಕರಿಯ ಒಂದು ವೃದ್ಧಾಶ್ರಮದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸ ನನ್ನದು. ಮಂಚದಿಂದ ವೀಲ್‌ಚೇರಿಗೆ, ಅಲ್ಲಿಂದ ಕಮೋಡಿಗೆ, ದಿನಕ್ಕೆಷ್ಟು ಸಲ ಎತ್ತಿ ಕೂರಿಸುತ್ತೇನೋ ಲೆಕ್ಕವಿಟ್ಟಿಲ್ಲ. ಕಂಕುಳಿಗೆ ಕೈ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ಲಿಫ್ಟ್ ಯಂತ್ರದಿಂದ, ಹೀಗೆ ಮೂರು ರೀತಿಯಲ್ಲೂ ಮಾಡಿ ನೋಡಿದ್ದೇನೆ.

ಮೊದಮೊದಲು ಎಲ್ಲರಂತೆ ನಾನೂ ಕಂಕುಳಿಗೆ ಕೈ ಹಾಕಿಯೇ ಎತ್ತುತ್ತಿದ್ದೆ. ಸ್ಟ್ರೋಕ್ ಆಗಿ ಎಡಗೈ ಸ್ವಾಧೀನ ತಪ್ಪಿದ್ದ ಅಜ್ಜಿಯೊಬ್ಬರು ಆ ಹೊತ್ತು "ಅಯ್ಯೋ, ಭುಜ!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಸೋತ ಸ್ನಾಯು ಕೀಲನ್ನು ಹಿಡಿದಿಡಲಾರದು, ಎಳೆದರೆ ಭುಜವೇ ಜಾರುತ್ತದೆ. ನನ್ನ ಸೊಂಟವೂ ಹಿಡಿದುಕೊಂಡಿತ್ತು. ರೋಗಿಗಳನ್ನು ಕೈಯಲ್ಲಿ ಎತ್ತುವವರಿಗೆ, ಕೆಲಸಗಾರರ ಸುರಕ್ಷತೆಯ ಅಧ್ಯಯನ ಮಾಡುವ ಅಮೆರಿಕದ ನಯೋಶ್ ಸಂಸ್ಥೆ ಹೇಳುವ ಮಿತಿ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. ಆ ಅಜ್ಜಿ 58 ಕೆ.ಜಿ. ಇದ್ದರು. ಆ ಪದ್ಧತಿ ಅಂದಿಗೇ ಬಿಟ್ಟೆ.

ಹಿರಿಯರ ಸೊಂಟಕ್ಕೆ ಕಟ್ಟಿ, ಹಿಡಿದು ಏಳಿಸುವ ಬೆಲ್ಟ್ ನನ್ನ ಕೈಗೆ ಚೆನ್ನಾಗಿ ಹೊಂದಿದೆ. ಸೀರೆಯ ನೆರಿಗೆ ಮೇಲೆ ಕಟ್ಟಿದರೆ ಜಾರಿ ಮೇಲೇರಿ ಪಕ್ಕೆಲುಬಿಗೆ ಒತ್ತುತ್ತದೆ. ನೈಟಿಯ ಮೇಲೆ, ಎರಡು ಬೆರಳು ತೂರುವಷ್ಟು ಬಿಗಿಯಾಗಿ ಕಟ್ಟುತ್ತೇನೆ. ವೀಲ್‌ಚೇರನ್ನು ಅವರ ಬಲವಿರುವ ಕಡೆಗೆ ಓರೆಯಾಗಿಟ್ಟು, ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚುತ್ತೇನೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸುತ್ತೇನೆ; ಮಲಗಿದ್ದವರು ತಟ್ಟನೆ ಎದ್ದರೆ ಬಿ.ಪಿ. ಇಳಿದು ತಲೆ ಸುತ್ತುತ್ತದೆ. ನಮ್ಮದು ಕಾವಿ ನೆಲ, ಬರೀ ಕಾಲುಚೀಲದಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. "ಅಜ್ಜಿ, ಮೂರು ಅಂದಾಗ ಏಳೋಣ" ಎಂದರೆ ಅವರೇ ಎಣಿಸುತ್ತಾರೆ. ಎಷ್ಟಾದರೂ ಅವರ ಕಾಲೂ ಕೆಲಸ ಮಾಡುತ್ತದಲ್ಲ, ಅದೇ ನನಗಿಷ್ಟ. ಆದರೆ ಹೊಟ್ಟೆಗೆ ಆಹಾರದ ನಳಿಗೆ ಹಾಕಿದವರಿಗೆ, ಈಚೆಗೆ ಹೊಟ್ಟೆಯ ಆಪರೇಷನ್ ಆದವರಿಗೆ ಬೆಲ್ಟ್ ಕಟ್ಟಬಾರದು.

ಮಂಡಿ ಕುಸಿಯುವವರಿಗೆ ಹೈಡ್ರಾಲಿಕ್ ಲಿಫ್ಟೇ ಸರಿ, ಅಂದರೆ ಬಟ್ಟೆಯ ಜೋಲಿಯಲ್ಲಿ ಕೂರಿಸಿ ಮೇಲೆತ್ತುವ ಚಕ್ರದ ಯಂತ್ರ. ಹೊಂದಿಸಲು ಹತ್ತು ನಿಮಿಷ ಹಿಡಿಯುತ್ತದೆ, ಇಬ್ಬರು ಬೇಕು. ಜೋಲಿಯ ಅಳತೆ ದೊಡ್ಡದಾದರೆ ಅದರಿಂದಲೇ ಜಾರಿಬೀಳುವ ಭಯ. ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚದಡಿ ಲಿಫ್ಟಿನ ಕಾಲು ಹೋಗುವುದಿಲ್ಲ. ಬಚ್ಚಲಿನ ಹೊಸ್ತಿಲನ್ನು ಅದರ ಚಿಕ್ಕ ಚಕ್ರ ದಾಟುವುದಿಲ್ಲ. ಮೇಲ್ವಿಚಾರಕರಿಗೆ ಹೇಳಿ ಎರಡು ಮಂಚ ಬದಲಾಯಿಸಿಕೊಂಡೆವು. ಹೊಸ್ತಿಲು ಹಾಗೇ ಇದೆ, ಲಿಫ್ಟ್ ಬೇಕಾದವರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ.

ಆ ಅಜ್ಜಿಗೆ ಈಗ ಬೆಳಿಗ್ಗೆ ಬೆಲ್ಟ್. ಸಂಜೆಯ ಹೊತ್ತಿಗೆ ಕಾಲು ನಡುಗಲು ಶುರುವಾಗುತ್ತದೆ, ಆಗ ಲಿಫ್ಟ್ ತರುತ್ತೇವೆ.