ಸಿಂಕಿನ ಕೆಳಗೆ ಡಬರಿ ಇಟ್ಟು ದಿನ ದೂಡಬೇಡಿ

ನಮ್ಮ ಅಡುಗೆಮನೆ ಸಿಂಕಿನ ಕೆಳಗೆ ಎಂಟು ತಿಂಗಳು ಒಂದು ಹಳೇ ಸ್ಟೀಲ್ ಡಬರಿ ಇತ್ತು. ಗೋಡೆಯಿಂದ ನಲ್ಲಿಗೆ ಹೋಗುವ ನೀರನ್ನು ಬಂದ್ ಮಾಡಲು ಒಂದು ಸಣ್ಣ ಕಾಕ್ ಇರುತ್ತಲ್ಲ, ಆ ಆಂಗಲ್ ಕಾಕ್‌ನಿಂದ ತೊಟ್ಟಿಕ್ಕುವ ನೀರು ಅದರಲ್ಲಿ ಬೀಳುತ್ತಿತ್ತು. ಬೆಳಿಗ್ಗೆ ಎದ್ದು ಅದನ್ನು ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದೆ. ಕೋಲಾರದಲ್ಲಿ ನೀರು ಚೆಲ್ಲೋಕೆ ಯಾರಿಗೂ ಮನಸ್ಸು ಬರಲ್ಲ ಅಲ್ವಾ? ಸದ್ಯ, ನೀರು ಹಾಳಾಗುತ್ತಿಲ್ಲ ಅಂತ ನನಗೆ ಸಮಾಧಾನ ಬೇರೆ. ಆ ಸಮಾಧಾನಕ್ಕೆ ಕೊನೆಗೆ ಕೊಟ್ಟಿದ್ದು 19 ಸಾವಿರ ರೂಪಾಯಿ.

ಮನೆ ನಮ್ಮ ಮಾವನವರು 1996ರಲ್ಲಿ ಕಟ್ಟಿಸಿದ್ದು. ಗೋಡೆಯೊಳಗೆ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ನೀರು ಬೋರ್‌ವೆಲ್‌ದು. ನಮ್ಮ ಕಡೆ ಬೋರು ಸಾವಿರ ಅಡಿ ದಾಟುವುದು ಹೊಸದೇನಲ್ಲ, ನೀರಂತೂ ಗಡಸು. ತೊಳೆದ ಲೋಟ ಒರೆಸದೆ ಇಟ್ಟರೆ ಬಿಳಿ ಕಲೆ ಕೂರುತ್ತದೆ. ಅದೇ ಸುಣ್ಣ ಕಾಕ್‌ನ ಒಳಗೂ ಕಟ್ಟಿಕೊಳ್ಳುತ್ತದೆ ಅನ್ನುವುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಮೊದಲ ಸಲ ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತಿ 200 ರೂಪಾಯಿ ತಗೊಂಡು ಹೋದರು. ಎರಡು ತಿಂಗಳಿಗೆ ಮತ್ತೆ ತೊಟ್ಟಿಕ್ಕಿತು. ಎರಡನೇ ಸಲ ಬಂದವರು ಕೈ ಹಾಕಿ ನೋಡಿ, "ಅಕ್ಕ, ಒಳಗಿನ ಪೈಪು ತಿಂದು ಹೋಗಿದೆ. ಗೋಡೆ ಒಡೆದು ಬದಲಾಯಿಸಲೇಬೇಕು. ಸದ್ಯಕ್ಕೆ ಸೀಲ್ ಮೆತ್ತಿರ್ತೀನಿ" ಅಂದರು. ಗೋಡೆ ಅಂದ ತಕ್ಷಣ ನಾನು "ಹಬ್ಬ ಕಳೀಲಿ ಅಣ್ಣ, ನೋಡೋಣ" ಅಂದೆ. ಯಾವ ಹಬ್ಬ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮುಳಬಾಗಿಲಿಗೆ ನಾಮಕರಣಕ್ಕೆ ಹೋಗಿದ್ದೆವು. ರಾತ್ರಿ ಬಂದು ಬಾಗಿಲು ತೆಗೆದರೆ ಹಾಲಿನಲ್ಲೇ ನೀರು, ಚಪ್ಪಲಿ ತೇಲುತ್ತಿದೆ. ಸಿಂಕಿನ ಕೆಳಗೆ ಕಾಕ್‌ನಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪು ಒಡೆದಿತ್ತು. ತಿಂಗಳುಗಟ್ಟಲೆ ತೊಟ್ಟಿಕ್ಕಿದ ನೀರಿಗೆ ಅದರ ಮೇಲಿನ ತಂತಿ ಹೆಣಿಗೆ ತುಕ್ಕು ಹಿಡಿದು, ಒಳಗಿನ ರಬ್ಬರ್ ಕೊಳವೆ ಸೀಳಿತ್ತು. ಇದಕ್ಕಿಂತ ದೊಡ್ಡ ತಪ್ಪು ಮೋಟರನ್ನು ಆಟೋಮ್ಯಾಟಿಕ್‌ನಲ್ಲಿ ಬಿಟ್ಟು ಹೋಗಿದ್ದು. ಮೇಲಿನ ಟ್ಯಾಂಕ್ ಇಳಿದ ಹಾಗೆಲ್ಲ ಮೋಟರ್ ತಾನೇ ಆನ್ ಆಗಿ ಸಂಪಿನ ನೀರನ್ನು ಮೇಲಕ್ಕೆ ಕಳಿಸಿದೆ. ಹಿಂದಿನ ದಿನವಷ್ಟೇ ಟ್ಯಾಂಕರ್ ಹಾಕಿಸಿದ್ದ ನೀರು, ಎಲ್ಲ ಅಡುಗೆಮನೆ ದಾರಿ ಹಿಡಿದಿದೆ.

ಆಂಗಲ್ ಕಾಕ್ ಬಂದ್ ಮಾಡಲು ಹೋದೆ, ಅಲುಗಲಿಲ್ಲ. ನಮ್ಮನೆಯವರು ಸ್ಪ್ಯಾನರ್ ತಂದು ಬಲವಂತ ಮಾಡಿದರು. ಕಾಕ್ ಗೋಡೆಯೊಳಗಿನ ನಿಪ್ಪಲ್ (ಕಾಕ್ ಕೂರಿಸುವ ಗಿಡ್ಡ ಪೈಪಿನ ತುಂಡು) ಸಮೇತ ಮುರಿದು ಅವರ ಕೈಗೇ ಬಂತು. ಅಲ್ಲಿಯವರೆಗೆ ಸುರಿಯುತ್ತಿದ್ದ ನೀರು ಈಗ ಎದೆಗೇ ಚಿಮ್ಮಿತು. ಮೊಬೈಲ್ ಬೆಳಕಲ್ಲಿ ಮಹಡಿ ಹತ್ತಿದರೆ ಟ್ಯಾಂಕಿನ ನೀರು ನಿಲ್ಲಿಸುವ ಗೇಟ್ ವಾಲ್ವ್ ಕೂಡ ಅರ್ಧಕ್ಕೆ ನಿಂತಿತು. ಕೊನೆಗೆ ಮೋಟರ್ ಆಫ್ ಮಾಡಿ, ಟ್ಯಾಂಕ್ ಖಾಲಿಯಾಗುವವರೆಗೆ ಇಬ್ಬರೂ ಸುಮ್ನೆ ನಿಂತು ನೋಡಿದೆವು. ಊರಿಂದ ತಂದಿದ್ದ ಅರ್ಧ ಮೂಟೆ ರಾಗಿ ಮೊಳಕೆಗೆ ನೆನೆಸಿಟ್ಟ ಹಾಗಾಗಿತ್ತು. ಪ್ಲೈವುಡ್ ಕಪಾಟು ಉಬ್ಬಿ ಬಾಗಿಲು ಮುಚ್ಚುತ್ತಿರಲಿಲ್ಲ. 19 ಸಾವಿರದಲ್ಲಿ ಜಾಸ್ತಿ ಹೋಗಿದ್ದು ಈ ಕಪಾಟಿಗೇ, ಪೈಪಿಗಲ್ಲ.

ಮರುದಿನ ಅದೇ ಪ್ಲಂಬರ್ ಬಂದರು. ಪಾಪ, "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಕತ್ತರಿಸಿ ತೆಗೆದ ಪೈಪಿನ ತುಂಡು ತೋರಿಸಿದರು. ಅರ್ಧ ಇಂಚಿನ ಪೈಪಿನೊಳಗೆ ಪೆನ್ಸಿಲ್ ತೂರುವಷ್ಟು ಜಾಗ, ಉಳಿದದ್ದೆಲ್ಲ ತುಕ್ಕು ಮತ್ತು ಸುಣ್ಣ. ಕಾಕ್ ಹಿತ್ತಾಳೆ, ಪೈಪು ಕಬ್ಬಿಣ. ಎರಡೂ ತಾಗಿಕೊಂಡು ನೀರಲ್ಲಿದ್ದರೆ ಕಬ್ಬಿಣ ಬೇಗ ಸವೆಯುತ್ತದೆ. ಮರೆ (ಥ್ರೆಡ್) ಕಚ್ಚುವ ಕಡೆ ಪೈಪು ಮೊದಲೇ ತೆಳು, ಅಲ್ಲೇ ಮುರಿಯಿತು.

ಈಗ ಯೋಚಿಸಿದರೆ ಮನೆ ಮೊದಲೇ ಹೇಳಿತ್ತು. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿರುತ್ತಿತ್ತು. ಬಚ್ಚಲಲ್ಲಿ ನೀರು ಜೋರು, ಸಿಂಕಿನಲ್ಲಿ ಮಾತ್ರ ಸಣ್ಣಗೆ. ನಾನು ನಲ್ಲಿಯ ಜಾಲರಿಯನ್ನೇ ಮೂರು ಸಲ ಬದಲಾಯಿಸಿದ್ದೆ! ನಟ್ಟಿನ ಸುತ್ತ ಹಸಿರು-ಬಿಳಿ ಪುಡಿ ಕಟ್ಟಿತ್ತು. ಕಪಾಟು ತೆಗೆದರೆ ಮುಗ್ಗಲು ವಾಸನೆ. ಇದರಲ್ಲಿ ಎರಡು ನಿಮ್ಮ ಮನೆಯಲ್ಲಿದ್ದರೂ ಟೇಪು, ಸೀಲು ಅಂತ ಕೂರಬೇಡಿ. ಗೋಡೆ ಒಡೆಸಿಬಿಡಿ. ಒಂದೇ ಜಾಗಕ್ಕೆ ಎರಡನೇ ಸಲ ತೇಪೆ ಹಾಕಬೇಕಾಗಿ ಬಂದರೂ ಅಷ್ಟೇ.

ಹಾಗಂತ ಎಲ್ಲ ಸೋರಿಕೆಗೂ ಗೋಡೆಗೆ ಕೈ ಹಾಕಬೇಕಿಲ್ಲ. ಸಿಂಕಿನಿಂದ ಹೊರಗೆ ಹೋಗುವ ವೇಸ್ಟ್ ಪೈಪಿನ ಕಡೆ ಸೋರಿದರೆ ಎಷ್ಟೋ ಸಲ ವಾಷರ್ ಬದಲಾಯಿಸಿದರೆ ಮುಗೀತು. ಆದರೆ ಸ್ಪ್ರಿಂಗ್ ಹಾಗಿರುವ ಆ ಪ್ಲಾಸ್ಟಿಕ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿ. ಅನ್ನ ಬಸಿದ ಕುದಿಯುವ ಗಂಜಿಯನ್ನು ನೇರ ಸಿಂಕಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಅದು ಆ ಪೈಪಿಗೆ ವಿಷ.

ನಾವೀಗ ಅಡುಗೆಮನೆಗೆ ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ, ಮಹಡಿ ಮೇಲೆ ಹಿಡಿಕೆ ಕಾಲು ಸುತ್ತು ತಿರುಗಿಸಿದರೆ ಮುಚ್ಚುವ ಬಾಲ್ ವಾಲ್ವ್ ಇಡಿಸಿದ್ದೇವೆ. ಊರಿಗೆ ಹೊರಟರೆ ಮೋಟರ್ ಸ್ವಿಚ್ ಆಫ್. ತಿಂಗಳಿಗೊಮ್ಮೆ ಆಂಗಲ್ ಕಾಕ್‌ಗಳನ್ನು ಒಂದು ಸಲ ಮುಚ್ಚಿ ತೆಗೆಯುತ್ತೇನೆ. ನೀವೂ ಇವತ್ತೇ ತಿರುಗಿಸಿ ನೋಡಿ. ತಿರುಗದಿದ್ದರೆ ದಯವಿಟ್ಟು ಸ್ಪ್ಯಾನರ್ ಹಾಕಬೇಡಿ, ಟ್ಯಾಂಕಿನ ವಾಲ್ವ್ ಕೆಲಸ ಮಾಡುತ್ತಾ ನೋಡಿಕೊಂಡು ಪ್ಲಂಬರನ್ನು ಕರೆಸಿ.

ನಿನ್ನೆ ಬಚ್ಚಲಿನ ಗೀಸರ್ ಕೆಳಗಿನ ಕಾಕ್ ಮುಟ್ಟಿ ನೋಡಿದೆ. ಅದೂ ಅಲುಗಲಿಲ್ಲ, ನಟ್ಟಿನ ಸುತ್ತ ಅದೇ ಹಸಿರು ಪುಡಿ. ಈ ಸಲ ಹಬ್ಬದ ಮಾತು ಎತ್ತಲಿಲ್ಲ. ಪ್ಲಂಬರ್ ಗುರುವಾರ ಬರುತ್ತಾರಂತೆ.